ವಾಪಸು ಹೋದ ಕರು

ಮೊನ್ನೆ ಬೆಳಿಗ್ಗೆ ಮೊಮ್ಮಗನ ಹೆಂಡತಿ ಹುರುಳಿ ಬೇಯಿಸಿದ್ದಳು. ನನಗೆ ಶೀತವಾಗಿ ಎದೆ ಕಟ್ಟಿತ್ತು. ಹುರುಳಿ ಕಟ್ಟಿನ ಸಾರು ಕುಡಿದರೆ ಬಿಡುತ್ತದೆ ಎಂದು ನಾನೇ ಹೇಳಿ ಮಾಡಿಸಿದ್ದು. ಕುಕ್ಕರಿನ ಮುಚ್ಚಳ ತೆಗೆದಾಗ ಆ ವಾಸನೆ ನಡುಮನೆಗೆ ಬಂತು ನೋಡಿ... ಕಾದ ಮಣ್ಣಿನದು, ಕೊಟ್ಟಿಗೆಯದು, ದನದ ಮೈಯದು, ಎಲ್ಲ ಕೂಡಿದಂಥ ವಾಸನೆ. ಅದು ಎಲ್ಲರಿಗೂ ಹಿಡಿಸುವುದಿಲ್ಲ. ನಮ್ಮ ಅತ್ತೆಯಂತೂ "ಅದೇನು ಕುದುರೆ ಲಾಯದ ನಾತ" ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಯಾರೂ ನೋಡದ ಹಾಗೆ ಇನ್ನೊಂದು ಬಟ್ಟಲು ಬಡಿಸಿಕೊಳ್ಳುತ್ತಿದ್ದರು.

ತಟ್ಟೆಯ ಮುಂದೆ ಕೂತವಳು ಕಲಸಿದ ತುತ್ತನ್ನು ಹಾಗೇ ಬಿಟ್ಟೆ. "ಉಪ್ಪು ಜಾಸ್ತಿ ಆಯ್ತೇನಜ್ಜಿ?" ಎಂದಳು ಹುಡುಗಿ. ಉಪ್ಪೇನೋ ಸರಿಯಾಗಿಯೇ ಇತ್ತು. ನನಗೆ ಬಯಲುಸೀಮೆಯ ಅಣ್ಣ ನೆನಪಾಗಿದ್ದ. ಅವನನ್ನು ನೆನೆದು ಎಷ್ಟು ಕಾಲವಾಗಿತ್ತೋ... ನೆನೆಯುವುದೇ ಬೇಡ ಎಂದು ನಾನೇ ದೂರ ಇಟ್ಟಿದ್ದೆನೇನೋ.

ಅಣ್ಣ ಎಂದರೆ ಒಡಹುಟ್ಟಿದವನಲ್ಲ. ನೆಂಟನಲ್ಲ, ನಮ್ಮ ಊರಿನವನೂ ಅಲ್ಲ. ಜಗಳೂರಿನಿಂದ ಇನ್ನೂ ಆಚೆ, ಮಳೆ ದಾರಿ ತಪ್ಪಿ ಬಂದರೆ ಬಂತು ಎನ್ನುವಂಥ ಸೀಮೆಯ ಒಕ್ಕಲಿಗ. ನಾನು ಹುಟ್ಟಿದ್ದು ಗೋವಿನಕೋವಿಯಲ್ಲಿ. ಲಗ್ನವಾಗಿ ಹೊಳೆ ದಾಟಿ ಸಾಸ್ವೆಹಳ್ಳಿಗೆ ಬಂದಾಗ ಇನ್ನೂ ಸರಿಯಾಗಿ ಸೀರೆ ಉಡಲು ಬರುತ್ತಿರಲಿಲ್ಲ. ಅಪ್ಪ ಮೊದಲೇ ತೀರಿದ್ದರು. ನನ್ನ ಮದುವೆ ಮಾಡುವುದಕ್ಕೇ ಕಾದಿದ್ದವಳಂತೆ ಅವ್ವನೂ ಬೇಗ ಹೋದಳು. ಅಣ್ಣತಮ್ಮಂದಿರಿಲ್ಲ. ತವರಿನ ಬಾಗಿಲಿಗೆ ಬೀಗ ಬಿತ್ತು. ಪಂಚಮಿಗೆ ಓರಗಿತ್ತಿಯರನ್ನೆಲ್ಲ ಅವರವರ ಅಣ್ಣಂದಿರು ಗಾಡಿ ಕಟ್ಟಿಕೊಂಡು ಬಂದು ಕರೆದುಕೊಂಡು ಹೋಗುತ್ತಿದ್ದರೆ, ನಾನು ಹಿತ್ತಿಲಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ಕೂರುತ್ತಿದ್ದೆ.

ಆ ಮನೆಗೆ ಬಂದ ಮೊದಲ ಬೇಸಿಗೆಯಲ್ಲೇ ಅವನನ್ನು ನೋಡಿದ್ದು. ಬೀದಿಯಲ್ಲಿ ಧೂಳೆದ್ದಿತು. ಎಲುಬು ಕಾಣುವ ದನಗಳ ದೊಡ್ಡ ಹಿಂಡು, ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಎತ್ತರದ ಆಳು. "ಬರದ ಬೀಗ ಬಂದ ನೋಡೇ, ಕಾಲಿಗೆ ನೀರು ಕೊಡು" ಎಂದರು ಅತ್ತೆ. ಬೀಗ ಎಂದರೆ ಯಾರ ಕಡೆಯ ಬೀಗನೋ ಎಂದು ನಾನು ಸೆರಗು ಸರಿಮಾಡಿಕೊಂಡು ಚೆಂಬು ಹಿಡಿದು ಹೋದೆ. ಅವನು ಕಾಲು ತೊಳೆದುಕೊಳ್ಳಲಿಲ್ಲ. ಆ ನೀರನ್ನು ಅಲ್ಲೇ ನಿಂತಿದ್ದ ಒಂದು ಮುದಿ ಹಸುವಿನ ಬಾಯಿಗೆ ಹಿಡಿದ. ನಾನು ಕಣ್ಣು ಬಿಟ್ಟು ನೋಡುತ್ತಿದ್ದೆ. "ಹೊಸ ಸೊಸೇನಾ? ನಮ್ ಕಡೆಗೆ ಕಾಲು ತೊಳಿಯಾಕೆ ನೀರು ಕೊಡಲ್ಲ ತಂಗಿ, ಕುಡಿಯಾಕೇ ಇರಲ್ಲ" ಎಂದು ನಕ್ಕ. ತಂಗಿ ಎಂದು ನನ್ನನ್ನು ಯಾರೂ ಕರೆದದ್ದೇ ಇರಲಿಲ್ಲ. ಅಂದಿನಿಂದ ಅವನು ನನಗೆ ಅಣ್ಣನಾದ.

ಎರಡೂ ಮನೆಯ ನಂಟು ಅಜ್ಜಂದಿರ ಕಾಲದ್ದು. ಯಾವುದೋ ದೊಡ್ಡ ಬರದಲ್ಲಿ ಅವರಜ್ಜ ದನ ಹೊಡೆದುಕೊಂಡು ಹೊಳೆ ದಂಡೆಗೆ ಬಂದಾಗ ನಮ್ಮವರು ಜಾಗ ಕೊಟ್ಟರಂತೆ. ಆಮೇಲೆ ಅಲ್ಲಿ ಮಳೆ ಕೈಕೊಟ್ಟಾಗಲೆಲ್ಲ ದನ ಇಲ್ಲಿಗೆ ಬರುವುದು ರೂಢಿಯಾಯಿತು. ಹೊಳೆಸಾಲಿನ ಹಸಿ ಹುಲ್ಲು, ನಮ್ಮ ಬಣವೆಯ ಒಣ ಹುಲ್ಲು ಅವಕ್ಕೆ. ಆ ದನಗಳು ಹಾಕಿದ ಗೊಬ್ಬರ ನಮ್ಮ ಗದ್ದೆಗೆ. ಅದೇನು ಬರೀ ಅವರಿಗೆ ಮಾಡಿದ ಉಪಕಾರ ಎಂದುಕೊಳ್ಳಬೇಡಿ. ನಾನು ಬರುವುದಕ್ಕೆ ಮುಂಚೆ ಒಂದು ವರ್ಷ ಹೊಳೆ ಉಕ್ಕಿ ನಮ್ಮ ಗದ್ದೆ, ಕಣ, ನೆಲದೊಳಗಿನ ಹಗೇವಿನ ಕಾಳು ಎಲ್ಲ ಕೆಟ್ಟುಹೋದಾಗ, ಹೇಳಿ ಕಳಿಸದಿದ್ದರೂ ಅವರ ಮನೆಯಿಂದ ಜೋಳದ ಗಾಡಿ ಬಂದು ನಿಂತಿತ್ತಂತೆ. "ಹೊಳೆ ಮುನಿದ್ರೆ ಬಯಲು ಕಾಯ್ತೈತೆ, ಬಯಲು ಒಣಗಿದ್ರೆ ಹೊಳೆ ಕಾಯ್ತೈತೆ" ಎಂದು ಅತ್ತೆ ಹೇಳುತ್ತಿದ್ದರು. ಬರದ ಬೀಗ ಎಂಬ ಹೆಸರು ಅವರಿಟ್ಟದ್ದೇ. ಮಾವನವರೂ ಅವನೂ ಒಬ್ಬರನ್ನೊಬ್ಬರು "ಬೀಗರೆ" ಎಂದೇ ಕರೆಯುತ್ತಿದ್ದರು.

ನನ್ನ ದೊಡ್ಡ ಮಗ ಕೂಸಾಗಿದ್ದಾಗ ಒಂದು ಪಂಚಮಿಗೆ ಅಣ್ಣ ಗಾಡಿ ಕಟ್ಟಿಕೊಂಡು ಬಂದುಬಿಟ್ಟ. ತಂಗಿಯನ್ನು ತವರಿಗೆ ಕರೆದುಕೊಂಡು ಹೋಗುತ್ತೇನೆ ಎಂದ. ಮಾವನವರು ನಕ್ಕರು, ಬೇಡವೆನ್ನಲಿಲ್ಲ. ಸಂತೇಬೆನ್ನೂರು ದಾಟಿದ ಮೇಲೆ ಮರಗಳು ಕಮ್ಮಿಯಾದವು, ಜಗಳೂರು ಬರುವ ಹೊತ್ತಿಗೆ ನೆಲವೇ ಬೇರೆ ಬಣ್ಣವಾಗಿತ್ತು. ಇಲ್ಲಿ ಮನುಷ್ಯರು ಏನು ತಿಂದು ಬದುಕುತ್ತಾರಪ್ಪ ಎಂದು ನನಗೆ ಗಾಬರಿ. ಹೋಗಿ ನೋಡಿದರೆ ಅವರ ಮನೆಯಲ್ಲಿ ನಮ್ಮ ಮನೆಗಿಂತ ಹೆಚ್ಚು ಬಗೆಯ ಕಾಳಿದ್ದವು. ಅತ್ತಿಗೆ, ಎಂದರೆ ಅವನ ಹೆಂಡತಿ, ಬೀಜಗಳನ್ನೆಲ್ಲ ಬೂದಿಯಲ್ಲಿ ಹೊರಳಿಸಿ ಬೇರೆಬೇರೆ ಗಡಿಗೆಗಳಲ್ಲಿ ತುಂಬಿ ಬಾಯಿಗೆ ಸಗಣಿ ಮೆತ್ತಿ ಇಟ್ಟಿದ್ದಳು. ಹೊಲದಲ್ಲಿ ಜೋಳದ ನಡುವೆ ತೊಗರಿ ಸಾಲು, ಆ ಕಡೆ ಸಜ್ಜೆ, ಈ ಕಡೆ ನವಣೆ. ಇದೇನಣ್ಣ ಹೊಲವೋ ಕಲಸನ್ನವೋ ಎಂದು ನಾನು ಆಡಿಕೊಂಡೆ.

"ಒಂದೇ ಬೀಜ ಬಿತ್ತಿ ಮುಗಿಲು ನೋಡ್ಕೊಂಡು ಕುಂತ್ರೆ ಹೊಟ್ಟೆ ತುಂಬಲ್ಲ ತಂಗಿ" ಎಂದ. "ಜೋಳ ಹೋದ್ರೆ ನವಣೆ, ನವಣೆ ಹೋದ್ರೆ ಹಿಂಗಾರು ಮಳಿಗೆ ಹುರುಳಿ."

"ಹುರುಳೀನೂ ಹೋದ್ರೆ?"

"ನಿಮ್ಮನೆ ಐತಲ್ಲ" ಎಂದ.

ಆ ಹಬ್ಬದಲ್ಲಿ ಅವನೇ ಜೋಕಾಲಿ ಕಟ್ಟಿಕೊಟ್ಟ. ಮಡಿಲಲ್ಲಿ ಕೂಸು ಹಾಕಿಕೊಂಡು ಆಡಿದೆ. ಬರುವಾಗ ಅತ್ತಿಗೆ ನನ್ನ ಮಡಿಲಿಗೆ ಕುಪ್ಪಸದ ಖಣ, ತಂಬಿಟ್ಟು, ಒಂದು ಗಂಟು ಹುರುಳಿ ಹಾಕಿದಳು. ದಾರಿಯುದ್ದಕ್ಕೂ ನಾನು ಅತ್ತೆ. ತವರಿಂದ ಬರುವ ಹೆಣ್ಣುಮಕ್ಕಳು ಅಳುತ್ತಾರಲ್ಲ, ಆ ಭಾಗ್ಯ ನನಗೂ ಬಂತಲ್ಲ ಎಂದು ಖುಷಿಗೂ ಅತ್ತೆ.

ಈಗ ಕರುವಿನ ವಿಷಯ ಹೇಳಬೇಕು. ಬರವಿದ್ದ ವರ್ಷ ಹಿಂಡು ಬರುತ್ತಿತ್ತು, ಸರಿ. ಆದರೆ ಮಳೆ ಚೆನ್ನಾಗಿ ಆದ ವರ್ಷವೂ ಅಣ್ಣ ಸಂಕ್ರಾಂತಿ ಕಳೆದ ಮೇಲೆ ಒಂದು ಹೆಣ್ಣುಗರು ಹೊಡೆದುಕೊಂಡು ಅಷ್ಟು ದೂರ ನಡೆದು ಬರುತ್ತಿದ್ದ. ಅದನ್ನು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿ, ಹಿಂದಿನ ವರ್ಷ ಬಿಟ್ಟು ಹೋಗಿದ್ದನ್ನು ಬಿಚ್ಚಿಕೊಂಡು ಹೋಗುತ್ತಿದ್ದ. ಅಲ್ಲಿ ಮೇವು ಬೇಕಾದಷ್ಟಿದ್ದರೂ ಹಾಗೆಯೇ. ನಮ್ಮ ಮನೆಯಲ್ಲಿ ಇದು ದೊಡ್ಡ ತಮಾಷೆ. ಹೊಳೆಗೆ ನೀರು ತಂದು ಸುರಿದ ಹಾಗಾಯಿತು ಎನ್ನುತ್ತಿದ್ದರು. ಒಮ್ಮೆ ಕೇಳಿದೆ, ಇದ್ಯಾಕಣ್ಣ ಈ ಕರುಗಳಿಗೆ ತಿರುಗಾಟ ಎಂದು. "ನಿಮ್ ಕೊಟ್ಟಿಗ್ಯಾಗೆ ನಮ್ದೂ ಒಂದು ಗೂಟ ಇರ್ಲಿ ಬಿಡು" ಎಂದ. ಪ್ರೀತಿಗೆ ಆಡಿದ ಮಾತು ಎಂದುಕೊಂಡೆ.

ಮಾವನವರ ಸ್ವಭಾವ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೊಡುಗೈ ಮನುಷ್ಯ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದ್ದು ನಾನು ಕಾಣೆ. ಯಾರಿಗೂ ಅವರ ಬಾಯಲ್ಲಿ ಕೆಟ್ಟ ಮಾತು ಬರುತ್ತಿರಲಿಲ್ಲ. ನಮ್ಮ ಎರಡೂ ಮನೆಯ ನಂಟನ್ನು ಹಾಳು ಮಾಡಿದ್ದು ಅವರ ಒಂದು ಒಳ್ಳೆಯ ಮಾತೇ.

ಯುದ್ಧದ ಕಾಲವದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಟ್ಟೆ ಸಿಗುತ್ತಿರಲಿಲ್ಲ, ಆದರೆ ಬಯಲುಸೀಮೆಯಲ್ಲಿ ಆ ವರ್ಷ ಹಿಂದೆಂದೂ ಕಾಣದ ಬೆಳೆ. ಸಂಕ್ರಾಂತಿ ಮುಗಿದು ಅಣ್ಣ ಬಂದ. ಮುಖದಲ್ಲಿ ಕಳೆ ಇತ್ತು. ತಂದಿದ್ದ ಕರು ಕೆಂಪು ಬಣ್ಣದ್ದು, ಹಣೆಯಲ್ಲಿ ಬಿಳಿ ಬೊಟ್ಟು, ಇನ್ನೂ ಎಳೆಯದು. ನಡೆದು ನಡೆದು ಗೊರಸು ಸವೆದು ಮುಂಗಾಲು ಕುಂಟುತ್ತಿತ್ತು. ಮಾವನವರು ಅದರ ಕಾಲನ್ನು ಮುಟ್ಟಿ ನೋಡಿದರು. ಅವರಿಗೆ ಮರುಕ ಬಂತು.

"ಬೀಗರೆ, ಈ ವರ್ಷ ನಿಮ್ ಕಡೆ ದೇವ್ರು ಕಣ್ಣು ಬಿಟ್ಟಾನೆ" ಎಂದರು. "ಈ ಎಳೇದನ್ನ ಯಾಕೆ ದಣಿಸ್ತೀರಿ? ಎರಡು ದಿನ ಇದ್ದು, ಕಾಲು ವಾಸಿ ಆದ ಮೇಲೆ ವಾಪಸ್ ಹೊಡ್ಕೊಂಡು ಹೋಗ್ರಿ. ಹೋದ ವರ್ಷದ್ದು ಗಬ್ಬ ಐತೆ, ಅದನ್ನೂ ಕರ್ಕೊಂಡು ಹೋಗ್ರಿ. ನಿಮ್ ಮಕ್ಕಳು ಹಾಲು ಕುಡೀಲಿ."

ಅಣ್ಣ ಕರುವಿನ ಹಗ್ಗವನ್ನು ಕೈಗೆ ಸುತ್ತಿಕೊಂಡ. "ಎರಡನ್ನೂ ಹೊಡ್ಕೊಂಡು ಹೋಗ್ಲಾ?" ಎಂದು ಕೇಳಿದ.

"ಹೂಂ ಮತ್ತೆ. ನಿಮ್ಮವು ನಿಮ್ಮನೇಲಿ ಇರ್ಲಿ."

"ವಿಚಾರ ಮಾಡಿ ಹೇಳ್ತೀರಾ ಬೀಗರೆ?"

"ಇದ್ರಾಗೆ ವಿಚಾರ ಏನ್ ಬಂತು ಮಾರಾಯ್ರೆ" ಎಂದು ಮಾವನವರು ಅವನ ಬೆನ್ನು ತಟ್ಟಿದರು.

ನಾನು ಕೊಟ್ಟಿಗೆಯ ಬಾಗಿಲಲ್ಲೇ ಸಗಣಿ ಬುಟ್ಟಿ ಹಿಡಿದುಕೊಂಡು ನಿಂತಿದ್ದೆ. ನನಗೂ ಮಾವನವರ ಮಾತು ಚೆಂದವಾಗಿಯೇ ಕೇಳಿಸಿತು. ಅಣ್ಣ ಊಟಕ್ಕೆ ಕೂತವನು ಅರ್ಧಕ್ಕೇ ಕೈ ತೊಳೆದ. ಎರಡು ದಿನ ಇರಲೂ ಇಲ್ಲ. ಮಾರನೆಯ ಬೆಳಿಗ್ಗೆ ದೊಡ್ಡ ಕರುವನ್ನು ಬಿಚ್ಚಿದ. ಅದನ್ನು ಕಟ್ಟಿದ್ದ ಗೂಟವನ್ನು ಅಲುಗಾಡಿಸಿ ಕಿತ್ತು ಗೋಡೆಗೆ ಒರಗಿಸಿದ. ಗುಂಡಿಗೆ ಮಣ್ಣು ತುಂಬಿ ಕಾಲಲ್ಲಿ ತುಳಿದು ಸಮ ಮಾಡಿದ. ದನ ಎಡವಬಾರದು ಎಂದು ಮಾಡುತ್ತಿದ್ದಾನೆ, ಎಷ್ಟು ಅಚ್ಚುಕಟ್ಟು ನಮ್ಮಣ್ಣ ಎಂದುಕೊಂಡೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು. ಕುಂಟುವ ಎಳೆಗರುವನ್ನು ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು, ದೊಡ್ಡದನ್ನು ಮುಂದೆ ಬಿಟ್ಟುಕೊಂಡು ಹೊರಟ. ಸೂಳೆಕೆರೆಯ ದಾರಿಯಲ್ಲಿ ಅವನು ಮರೆಯಾಗುವ ತನಕ ನೋಡಿದೆ, ತಿರುಗಿ ನೋಡಲಿಲ್ಲ.

ಆ ಬೇಸಿಗೆ ಕಳೆಯಿತು, ಮಳೆ ಕೈಕೊಟ್ಟಿತು. ರೋಹಿಣಿ ಬರಲಿಲ್ಲ, ಆರಿದ್ರೆ ಬರಲಿಲ್ಲ. "ಬಂದರೆ ಮಘೆ, ಇಲ್ಲದಿದ್ದರೆ ಹೊಗೆ" ಎನ್ನುತ್ತಾರಲ್ಲ, ಹೊಗೆಯೇ ಆಯಿತು. ನಮ್ಮ ಕಡೆ ಹೊಳೆ ಇದ್ದದ್ದಕ್ಕೆ ಹೇಗೋ ನಡೆಯಿತು. ಪಂಚಮಿಗೆ ಅಣ್ಣ ಬರಲಿಲ್ಲ. ನನಗೆ ಸಿಟ್ಟು. ಹೋದ ವರ್ಷ ಬೆಳೆ ಬಂತಲ್ಲ, ತಂಗಿ ಎಲ್ಲಿ ನೆನಪಾಗಬೇಕು ಎಂದು ಗೊಣಗಿಕೊಂಡು ಹಬ್ಬದ ಅರಳು ಹುರಿದೆ. ದಸರೆ ಕಳೆದ ಮೇಲೆ ಬಯಲುಸೀಮೆಯ ದನ ಒಂದೊಂದೇ ಊರಿನವು ನಮ್ಮ ಬೀದಿಯಲ್ಲಿ ಹಾದು ಹೊಳೆ ಕಡೆಗೆ ಹೋಗತೊಡಗಿದವು. ಧೂಳೆದ್ದಾಗಲೆಲ್ಲ ನಾನು ಹೊರಗೆ ಓಡಿ ಬರುತ್ತಿದ್ದೆ. ಎತ್ತರದ ಆಳು ಯಾವ ಹಿಂಡಿನ ಹಿಂದೆಯೂ ಇರುತ್ತಿರಲಿಲ್ಲ.

ಮಾವನವರು ಒಂದು ಇಡೀ ಬಣವೆಗೆ ಕೈ ಹಚ್ಚಬೇಡಿ ಎಂದರು. "ಬೀಗರ ದನ ಬರ್ತಾವೆ." ಬೆಳಗ್ಗೆ ಎದ್ದು ಜಗಲಿಯಲ್ಲಿ ಕೂತು ದಾರಿ ನೋಡುವುದು ಅವರ ಕೆಲಸವಾಯಿತು. ಹೇಳಿ ಕಳಿಸಬಾರದೇ ಎಂದು ಅತ್ತೆ ಕೇಳಿದರು. ಅದಕ್ಕವರು, "ಬರ ಬಿದ್ದೋರನ್ನ ಬಾ ಅಂತ ಕರೀಬಾರ್ದು ಕಣೇ. ನಿಮಗೆ ತಿನ್ನಾಕಿಲ್ಲ ಬರ್ರಿ ಅಂದಂಗೆ ಆಗ್ತೈತೆ. ಬಂದ್ರೆ ಒಳಗೆ ಕರ್ಕೋಬೇಕು, ಅಷ್ಟೇ" ಎಂದರು. ಅವರು ಬೆಳೆದ ರೀತಿ ಹಾಗೆ. ಆದರೂ ನ್ಯಾಮತಿ ಸಂತೆಯಲ್ಲಿ, ಹೊನ್ನಾಳಿ ಸಂತೆಯಲ್ಲಿ ಆ ಕಡೆಯವರು ಕಂಡರೆ ವಿಚಾರಿಸುತ್ತಿದ್ದರು. ಯಾರೋ ಒಬ್ಬ, ಅವರು ಚನ್ನಗಿರಿ ಅಡವಿ ಕಡೆ ದನ ಹೊಡೆದಿರಬೇಕು ಎಂದನಂತೆ. ಅದನ್ನೇ ನಂಬಿಕೊಂಡು ಸಮಾಧಾನವಾಗಿದ್ದರು.

ಸಂಕ್ರಾಂತಿ ಬಂತು, ಹೋಯಿತು. ಶಿವರಾತ್ರಿಯ ಸುಮಾರಿಗೆ ಇನ್ನೊಂದು ಹಿಂಡು ಬಂತು. ಅದನ್ನು ಹೊಡೆದುಕೊಂಡು ಬಂದವನು ನಮ್ಮ ಬಾಗಿಲಲ್ಲಿ ನಿಂತು ನೀರು ಕೇಳಿದ. ಮಾತಿಗೆ ಮಾತು ಬಂದು, ಅಣ್ಣನ ಪಕ್ಕದ ಊರಿನವನೇ ಎಂದು ತಿಳಿಯಿತು. ಅವರ ಮನೆಯವರು ಈ ಸಲ ಎಲ್ಲಿಗೆ ಹೋದರು ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ.

"ಅವ್ರು ಎಲ್ಲಿಗೂ ಹೋಗಲಿಲ್ಲವ್ವ. ಹೊಳೆ ಕಡೆ ಅವ್ರಿಗಿದ್ದ ಜಾಗ ಹೋತಂತಲ್ಲ. ಕರು ವಾಪಸ್ ಕೊಟ್ಟು ಕಳಿಸಿದ್ರಂತೆ. ನಮ್ ಜೊತಿಗಾದ್ರೂ ಹೊಡಿ ಮಾರಾಯ ಅಂದ್ವಿ. ಅಜ್ಜನ ಕಾಲದ ಬಾಗ್ಲಾಗೆ ಬ್ಯಾಡ ಅನ್ನಿಸ್ಕೊಂಡೋನು ಇನ್ನೊಬ್ಬರ ಬಾಗ್ಲಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ ಅಂದ. ಅರ್ಧಕ್ಕರ್ಧ ಬಿದ್ದು ಹೋಗ್ಯಾವೆ. ನಾವು ಹೊಂಡೋವಾಗ ಒಂದಿಷ್ಟು ಇನ್ನೂ ನಿಂತಿದ್ವು."

ಚೆಂಬು ನನ್ನ ಕೈಯಲ್ಲೇ ಇತ್ತು. ಜಗಲಿಯ ಮೇಲೆ ಕೂತಿದ್ದ ಮಾವನವರಿಗೆ ಎಲ್ಲ ಕೇಳಿಸಿತ್ತು. ಅವರು ಎದ್ದು ಅಂಗಳಕ್ಕೆ ಇಳಿದರು. ಆಮೇಲೆ ಆಳುಗಳನ್ನು ಕೂಗಿದರು. ಅವತ್ತು ಅವರು ಕೂಗಿದ ಹಾಗೆ ನಾನು ಕೇಳಿರಲಿಲ್ಲ. ಇಟ್ಟಿದ್ದ ಬಣವೆಯನ್ನು ಬಿಚ್ಚಿ ಗಾಡಿಗಳಿಗೆ ಏರಿಸಿದರು. ಒಂದಿಷ್ಟಾದರೂ ನಿಂತಿವೆಯಲ್ಲ, ಅವು ಉಳಿದರೆ ಸಾಕು ಎಂಬುದೊಂದೇ ಮಾತು ಎಲ್ಲರ ಬಾಯಲ್ಲಿ. ಆ ತನಕ ನಾನು ಮಾವನವರ ಎದುರು ನಿಂತು ಮಾತನಾಡಿದವಳಲ್ಲ. ಅವತ್ತು ಸೆರಗು ಬಿಗಿದುಕೊಂಡು "ನಾನೂ ಬರ್ತೀನಿ, ಅದು ನನ್ನ ತವರು" ಎಂದೆ. ಅವರು ಹತ್ತು ಎನ್ನುವ ಹಾಗೆ ಗಾಡಿಯ ಕಡೆ ಕೈ ತೋರಿಸಿದರು.

ಸೂಳೆಕೆರೆಯ ನೀರು ಎಷ್ಟೋ ಒಳಗೆ ಸರಿದಿತ್ತು. ದಾರಿಯಲ್ಲಿ ಎದುರಾದ ದನಗಳು ನಮ್ಮ ಗಾಡಿಯ ಹುಲ್ಲಿಗೆ ಮೂತಿ ಚಾಚುತ್ತಿದ್ದವು. ಆಳುಗಳು ಬಾರುಕೋಲು ಎತ್ತಿದರೆ ಮಾವನವರು "ಒಂದು ಹಿಡಿ ಎಳ್ಕೊಳ್ಳಲಿ ಬಿಡ್ರೋ" ಎನ್ನುವರು, ಮತ್ತೆ ಮರುಕ್ಷಣವೇ "ಬೇಗ ಹೊಡಿರಿ" ಎನ್ನುವರು. ಉಳಿದ ಹೊತ್ತೆಲ್ಲ ದಾರಿಯನ್ನೇ ನೋಡುತ್ತಾ ಕೂತಿರುತ್ತಿದ್ದರು. ಒಂದು ಸಲ ಮಾತ್ರ, "ನಾನೇನು ಕೆಟ್ಟ ಮಾತು ಆಡಿದ್ನೇನಮ್ಮ?" ಎಂದು ನನ್ನನ್ನು ಕೇಳಿದರು.

ಅವರ ಊರು ಮುಟ್ಟಿದಾಗ ಸುಡು ಮಧ್ಯಾಹ್ನ. ಮನೆ ಇದ್ದ ಹಾಗೇ ಇತ್ತು, ಮಣ್ಣಿನ ಮಾಳಿಗೆ. ಪಕ್ಕದ ಕೊಟ್ಟಿಗೆಗೆ ಮಾತ್ರ ಸೂರಿರಲಿಲ್ಲ. ಮೇಲೆ ಹೊದಿಸಿದ್ದ ಹುಲ್ಲನ್ನೆಲ್ಲ ಕಿತ್ತು ದನಕ್ಕೆ ಹಾಕಿದ್ದರು. ಬರೀ ಗಳುಗಳು, ಕೆಳಗೆ ಸಾಲಾಗಿ ಗೂಟಗಳು. ಆ ಸಾಲಿನ ತುದಿಯಲ್ಲಿ ಒಂದೇ ಒಂದು ಪ್ರಾಣಿ ನಿಂತಿತ್ತು. ಕೆಂಪು ಬಣ್ಣ, ಹಣೆಯಲ್ಲಿ ಬಿಳಿ ಬೊಟ್ಟು. ಬೇರೆ ಒಂದೂ ಇರಲಿಲ್ಲ. ನಾವು ತಡವಾಗಿ ಬಂದಿದ್ದೆವು.

ಅಣ್ಣ ಎದ್ದು ಬಂದ. ಎಷ್ಟು ಇಳಿದುಹೋಗಿದ್ದ ಎಂದರೆ, ಎತ್ತರ ಮೊದಲಿಗಿಂತ ಹೆಚ್ಚಾದ ಹಾಗೆ ಕಾಣುತ್ತಿತ್ತು. "ಬರ್ರಿ ಬೀಗರೆ. ಬಾ ತಂಗಿ, ಬಿಸಿಲಾಗೆ ಬಂದ್ಯಲ್ಲ" ಎಂದ. ಏನೂ ಆಗಿಲ್ಲವೆಂಬಂತೆ ಕಂಬಳಿ ಹಾಸಿದ. ಅತ್ತಿಗೆ ಹಳ್ಳದ ಮರಳು ಬಗೆದು ತುಂಬಿ ತಂದಿದ್ದ ನೀರನ್ನು ಒಂದು ಚೆಂಬಿನಲ್ಲಿ ತಂದಿಟ್ಟಳು. ಮಾವನವರು ಅದನ್ನು ಮುಟ್ಟದೆ, "ಯಾಕೆ ಬರಲಿಲ್ಲ ನೀವು?" ಎಂದರು.

"ನೀವೇ ಹೊಡ್ಕೊಂಡು ಹೋಗ್ರಿ ಅಂದ್ರಲ್ಲ ಬೀಗರೆ." ಅವನ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಕಾಲು ಕುಂಟ್ತಿತ್ತಲ್ರೀ ಅದು... ನೋವಾಗ್ತೈತೆ ಅಂತ ಅಂದೆ. ನಿಮ್ ಮಕ್ಕಳು ಹಾಲು ಕುಡೀಲಿ ಅಂತ ಅಂದೆ."

ಅಣ್ಣ ಅವರ ಮುಖ ನೋಡಿದ. ನೋಡುತ್ತಲೇ ಇದ್ದ. "ಹಂಗಾ?" ಎಂದ ಕೊನೆಗೆ. "ನಮ್ ಕಡೆ ಹಂಗೆ ಅನ್ನಲ್ಲ ಬೀಗರೆ."

ಅವರ ಕಡೆ ಹೇಗೆ ಎಂಬುದನ್ನು ಅತ್ತಿಗೆ ಒಳಗೆ ಒಲೆಯ ಮುಂದೆ ಹೇಳಿದಳು. ಆ ಸೀಮೆಯಲ್ಲಿ ಮಳೆ ಒಂದೂರಿಗೆ ಆದರೆ ಇನ್ನೊಂದೂರಿಗೆ ಇಲ್ಲ. ಅದಕ್ಕೇ ಪ್ರತಿ ಮನೆಯವರೂ ದೂರದ ಯಾವುದಾದರೂ ಒಂದು ಮನೆಯಲ್ಲಿ ತಮ್ಮದೊಂದು ಕರು ಕಟ್ಟಿರುತ್ತಾರೆ. ಕರು ಇರುವ ತನಕ ಆ ಕೊಟ್ಟಿಗೆಯಲ್ಲಿ ಅವರಿಗೆ ಹಕ್ಕು, ಕೇಳದೆಯೇ ಬರಬಹುದು. ಇನ್ನು ಬೇಡ ಎನಿಸಿದರೆ ಯಾರೂ ಬಾಯಿಬಿಟ್ಟು ಬರಬೇಡಿ ಎನ್ನುವುದಿಲ್ಲ. ಒಳ್ಳೆಯ ಮಾತಾಡಿ, ಊಟ ಹಾಕಿ, ನಿಮ್ಮ ಕರು ನೀವು ಕರೆದುಕೊಂಡು ಹೋಗಿ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. "ಎರಡು ಸಲ ಕೇಳಿದ್ರಂತೆ ತಂಗಿ. ಮೂರನೇ ಸಲ ಕೇಳಿದ್ರೆ ತಿರುಪೆ ಆಗ್ತೈತೆ ಅಂತ ಬಂದುಬಿಟ್ರು" ಎಂದಳು. "ನಮ್ದೇನು ತಪ್ಪಾಗಿತ್ತೋ ಅಂತ ಎಷ್ಟು ದಿನ ಉಣ್ಣಲಿಲ್ಲ." ಹಿಂಡು ಒಂದೊಂದೇ ಬೀಳುವಾಗ ಆ ಹಣೆಬೊಟ್ಟಿನ ಕರುವಿಗೆ ಮಾತ್ರ ಅವನು ತನ್ನ ಪಾಲಿನ ಹುರುಳಿ ಬೇಯಿಸಿ ಹಾಕುತ್ತಿದ್ದನಂತೆ. ಹೆಗಲ ಮೇಲೆ ಹೊತ್ತು ತಂದದ್ದಲ್ಲವೇ... ನಾನು ಅತ್ತಿಗೆಯ ಹೆಗಲಿಗೆ ತಲೆ ಇಟ್ಟು ಅತ್ತೆ. ಅವಳು ಅಳಲಿಲ್ಲ. ಅವಳದೆಲ್ಲ ಮುಗಿದಿತ್ತು.

ಹೊರಗೆ ಬಂದರೆ ಗಾಡಿಗಳಲ್ಲಿ ಹುಲ್ಲು ಹಾಗೇ ನಿಂತಿದೆ. ಇಳಿಸಲಾ ಬೇಡವಾ ಎಂದು ಆಳುಗಳು ಕೇಳುತ್ತಿದ್ದಾರೆ. ಅಣ್ಣ ಒಂದು ಹಿಡಿ ಎಳೆದು ಮೂಸಿ ನೋಡಿದ. "ದನ ಇದ್ದಾಗ ಹುಲ್ಲಿಲ್ಲ, ಹುಲ್ಲು ಬಂದಾಗ ದನ ಇಲ್ಲ" ಎಂದು ಸಣ್ಣಗೆ ನಕ್ಕ. "ಇಳಿಸ್ರಪ್ಪಾ, ಊರಾಗೆ ಇನ್ನೊಬ್ರ ಮನೆಯಾಗೆ ಇದ್ರೆ ತಿಂತಾವೆ."

ಮಾವನವರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಊರಲ್ಲಿ ನಾಲ್ಕು ಜನರಿಗೆ ನ್ಯಾಯ ಹೇಳುವ ಮನುಷ್ಯ. "ಬೀಗರೆ, ಆ ಕರು ನನಗೆ ಕೊಡ್ರಿ. ಇವತ್ತೇ ಹೊಡ್ಕೊಂಡು ಹೋಗಿ ನಮ್ ಕೊಟ್ಟಿಗೇಲಿ ಕಟ್ತೀನಿ. ಎಲ್ಲಾ ಮೊದ್ಲಿನಂಗೆ ಇರ್ಲಿ" ಎಂದರು.

ಅಣ್ಣ ಕರುವಿನ ಕೊರಳ ಗಂಗೆದೊಗಲು ನೀವುತ್ತಾ ನಿಂತಿದ್ದ. "ನಿಮ್ಮನೇಲಿ ಒಂದು ಕಟ್ಟಾಕೆ ನಮ್ಮನೇಲಿ ಹತ್ತು ಇರ್ಬೇಕು ಬೀಗರೆ" ಎಂದ. "ಇದೊಂದೇ ಐತೆ. ಇದನ್ನೂ ಕಳಿಸಿದ್ರೆ ಬೆಳಗ್ಗೆ ಎದ್ದು ನಾನು ಯಾವುದರ ಮುಖ ನೋಡ್ಲಿ?"

ಹೊರಡುವಾಗ ನಾನು ಅವನ ಕೈ ಹಿಡಿದುಕೊಂಡೆ. ಪಂಚಮಿಗೆ ಬರಲೇಬೇಕು ಎಂದೆ. ಬರಿಗೈಯಲ್ಲಿ ತಂಗಿಯ ಮನೆಗೆ ಯಾರಾದರೂ ಬರುತ್ತಾರೇನೇ ಎಂದ. ನಿನ್ನ ಕೈ ನೋಡಾಕೆ ಯಾರು ಕರೆದರು, ಮುಖ ತೋರಿಸು ಸಾಕು ಎಂದು ಜಗಳವಾಡಿದೆ. ನನ್ನ ತಲೆ ಮುಟ್ಟಿದ.

ಬರಲಿಲ್ಲ. ಆ ಪಂಚಮಿಗೂ ಇಲ್ಲ, ಆಮೇಲಿನವಕ್ಕೂ ಇಲ್ಲ. ಗಂಡ ಹೆಂಡತಿ ಇಬ್ಬರೂ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಹೋಗಿ ಹತ್ತಿ ಮಿಲ್ಲಿನಲ್ಲಿ ಕೂಲಿಗೆ ಸೇರಿದರು ಎಂದು ಯಾರೋ ಹೇಳಿದರು. ಮಾವನವರು ಅಲ್ಲಿಗೂ ಹೋಗಿ ಹುಡುಕಿ ಬಂದರು, ಸಿಗಲಿಲ್ಲ. ಅಲ್ಲಿಂದ ಎಲ್ಲಿಗೆ ಹೋದರೋ... ದನ ಕಾಯ್ದ ಕೈ ಹತ್ತಿಯ ಧೂಳಿನಲ್ಲಿ ಎಷ್ಟು ದಿನ ಬಾಳೀತು? ಅವನು ತೀರಿಕೊಂಡ ಸುದ್ದಿಯೂ ನಮಗೆ ಸರಿಯಾಗಿ ಬರಲಿಲ್ಲ. ಹಾಗಾಗಿ ನಾನು ಅವನಿಗಾಗಿ ಒಂದು ದಿನ ಎಂದು ಕೂತು ಅತ್ತದ್ದೂ ಇಲ್ಲ. ಮಾವನವರು ಆಮೇಲೆ ಹೆಚ್ಚು ವರ್ಷ ಬದುಕಲಿಲ್ಲ. ಕೊನೆಕೊನೆಗೆ ಅವರು ಯಾರಿಗೂ ಏನೂ ಹೇಳುತ್ತಿರಲಿಲ್ಲ, ನ್ಯಾಯಕ್ಕೆ ಕರೆದರೂ ಹೋಗುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅತ್ತೆ ಒಮ್ಮೆ ಬಾಯಿ ತಪ್ಪಿ ಅಂದುಬಿಟ್ಟು, ಆಮೇಲೆ ತಾವೇ ಅತ್ತರು.

ಈಗ ನಮ್ಮ ಕಡೆ ನಾಲೆ ನೀರು ಬಂದು ಕಾಲವಾಯಿತು. ಯಾರ ದನವೂ ಯಾರ ಬಾಗಿಲಿಗೂ ಬರುವುದಿಲ್ಲ. ಇದನ್ನೆಲ್ಲ ಮೊನ್ನೆ ಆ ಹುಡುಗಿಗೆ ಹೇಳಿದೆ. ತಟ್ಟೆ ಎತ್ತುವುದನ್ನೂ ಮರೆತು ಕೇಳುತ್ತಾ ಕೂತಿದ್ದಳು. ಎಲ್ಲ ಕೇಳಿದ ಮೇಲೆ, "ಯಾಕೆ ಹಿಂಗೆ ಮಾಡಿದ್ರಿ ಅಂತ ಅವರು ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲಜ್ಜಿ?" ಎಂದಳು.

ಆಗುತ್ತಿತ್ತು. ಅವನು ಕೇಳಿದ್ದರೂ ಆಗುತ್ತಿತ್ತು, ಮಾವನವರು ಕರೆದಿದ್ದರೂ ಆಗುತ್ತಿತ್ತು. ಕೇಳಿದರೆ ತಿರುಪೆಯಾಗುತ್ತದೆ ಎಂದು ಅವನು ಅಲ್ಲಿ ಕೂತ, ಕರೆದರೆ ಅವಮಾನವಾಗುತ್ತದೆ ಎಂದು ಇವರು ಇಲ್ಲಿ ಕೂತರು. ಇಬ್ಬರೂ ಮರ್ಯಾದಸ್ಥರು. ಆ ಇಬ್ಬರು ಮರ್ಯಾದಸ್ಥರ ನಡುವೆ ಸಿಕ್ಕಿಕೊಂಡು ಆ ಮೂಕ ಪ್ರಾಣಿಗಳು ಸತ್ತವು, ನನಗಿದ್ದ ಒಬ್ಬ ಅಣ್ಣ ಇಲ್ಲದಂತಾದ.